ತಾನೇ ಬದಲಾಗುವ ಅಂಕಿ

ಮೊನ್ನೆ ಬಸ್ಸಿನಲ್ಲಿ ಸವದತ್ತಿಗೆ ಹೊರಟಿದ್ದೆ. ಸೇತುವೆಯ ಮೇಲೆ ಎದುರಿಗೆ ಲಾರಿಯೊಂದು ಕೆಟ್ಟು ನಿಂತಿತ್ತು, ನಮ್ಮ ಬಸ್ಸೂ ನಿಂತಿತು. ಕಿಟಕಿಯಿಂದ ಹಸಿ ರಾಡಿಯ ವಾಸನೆ, ಅದರೊಳಗೆ ಬೆರೆತ ಗ್ರೀಸಿನ ವಾಸನೆ ಒಳಗೆ ನುಗ್ಗಿತು. ಬಗ್ಗಿ ನೋಡಿದರೆ ನಾಲ್ಕು ಜನ ಪಂಪ್‌ಸೆಟ್ಟಿನ ಮೋಟಾರನ್ನು ಬಡಿಗೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು ಹೊಳೆಯ ದಂಡೆ ಏರುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಚೀಲದೊಳಗೆ ಕೈ ಹಾಕಿದೆ. ಎಷ್ಟು ವರ್ಷವಾದರೂ ಈ ವಾಸನೆ ಬಂದರೆ ನನ್ನ ಕೈ ತಾನಾಗಿಯೇ ಫೋನು ಹುಡುಕುತ್ತದೆ.

ಆ ಮಳೆಗಾಲದಲ್ಲಿ ನಾನು ರಾಮದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟು ಎರಡನೆಯ ವರ್ಷ. ಝೆರಾಕ್ಸು, ಸ್ಕಾಲರ್‌ಶಿಪ್ ಅರ್ಜಿ, ಪಹಣಿ, ಆಧಾರ್ ತಿದ್ದುಪಡಿ, ಏನು ಕೇಳಿದರೂ ಇಲ್ಲವೆನ್ನದ ಅಂಗಡಿ. ಬೈಲಹೊಂಗಲದಲ್ಲಿ ಬಿಸಿಎ ಮುಗಿಸಿ ಬಂದವಳು. ವೆಬ್ ಪುಟ ಮಾಡಲು ಬರುತ್ತದೆ ಎಂಬ ಜಂಬ ತಲೆಯ ತುಂಬ ಇತ್ತು. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋಗಿದ್ದ. ನನ್ನನ್ನು ಓದಿಸಿದವನು ಅಪ್ಪನ ತಮ್ಮ, ಮಹಾಂತಪ್ಪ ಕಾಕಾ. ಊರಿನಲ್ಲಿ ನಾಲ್ಕು ಜನ "ಹುಡುಗೀಗೆ ಅಷ್ಟ್ಯಾಕ ಓದಸ್ತೀ?" ಎಂದಾಗ, "ನಿಮ್ಮನ್ಯಾಗಿಂದ ತಂದು ಓದಸ್ತೇನೇನು?" ಎಂದು ಬಾಯಿ ಮುಚ್ಚಿಸಿದ್ದ.

ಕಾಕಾನ ಊರು ರಾಮದುರ್ಗದಿಂದ ಹನ್ನೆರಡು ಕಿಲೋಮೀಟರು, ಮಲಪ್ರಭೆಯ ದಂಡೆಗೆ. ಈ ಹೊಳೆಯ ರೀತಿ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಮಳೆ ಸುರಿಯುವುದು ಖಾನಾಪುರದ ಆಚೆ ಘಟ್ಟದಲ್ಲಿ. ನಮ್ಮಲ್ಲಿ ನೆತ್ತಿ ಸುಡುವ ಬಿಸಿಲು, ಗೋವಿನಜೋಳ ಬಾಡುತ್ತಿರುತ್ತದೆ. ಹೀಗಾಗಿ ನಡು ಮಳೆಗಾಲದಲ್ಲೂ ನಮ್ಮವರು ಹೊಳೆಗಿಳಿದು ಮೋಟಾರು ಕೂಡಿಸುತ್ತಾರೆ. ಅತ್ತ ಸವದತ್ತಿ ಕಡೆಯ ಡ್ಯಾಮು ತುಂಬಿ ಗೇಟು ತೆಗೆದರೆ ಏಳೆಂಟು ತಾಸಿನಲ್ಲಿ ನೀರು ನಮ್ಮ ಕಡೆ ಬಂದು ಮುಟ್ಟುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ, ಹೊಳೆ ಮಾತ್ರ ಬರುತ್ತದೆ. ಅಷ್ಟರೊಳಗೆ ಮೋಟಾರನ್ನೂ ಮನುಷ್ಯರನ್ನೂ ಮೇಲೆ ತರಬೇಕು.

ಹಿಂದಿನ ವರ್ಷ ಸುದ್ದಿ ತಡವಾಗಿ ಮುಟ್ಟಿ ಕಾಕಾನ ಮೋಟಾರು ಹೊಳೆಯ ಪಾಲಾಗಿತ್ತು. ಆ ಸಲ ಮುಂಗಾರು ಶುರುವಾಗುವ ಮೊದಲೇ ಅಂಗಡಿಗೆ ಬಂದು ಕುಂತ. "ಸುನಂದಾ, ನೀ ಕಂಪ್ಯೂಟರ್ ಕಲತಾಕಿ. ಡ್ಯಾಮಿಂದ ಎಷ್ಟ ನೀರ ಬಿಟ್ಟಾರ ಅನ್ನೂದು ನನ್ನ ಫೋನಿನ್ಯಾಗ ಕಾಣೂಹಂಗ ಮಾಡಾಕ ಬರತೈತೇನು?"

"ಅದೇನ ದೊಡ್ಡದು ಕಾಕಾ, ಎರಡ ದಿನದ ಕೆಲಸ" ಎಂದೆ. ಈಗ ಆ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅಂಕಿ ಕೊಡಲು ರಾಜೇಸಾಬ್ ಚಾಚಾ ಸಿಕ್ಕರು. ಡ್ಯಾಮಿನ ಮಗ್ಗುಲಲ್ಲೇ ಮನೆ. ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಹಳೆಯ ಗೆಳೆಯರನ್ನು ಕೇಳಿ, ಬಿಟ್ಟ ನೀರು ಎಷ್ಟು ಕ್ಯೂಸೆಕ್ ಎಂಬುದನ್ನು ತಮ್ಮ ಫೋನಿನಿಂದ ನನ್ನ ಪುಟಕ್ಕೆ ತುಂಬುತ್ತಿದ್ದರು. ನಾನು ಮಾಡಿಕೊಟ್ಟ ಫಾರ್ಮಿನಲ್ಲಿ ಅಂಕಿಗೆ ಒಂದೇ ಒಂದು ಚೌಕ, ಕೆಳಗೆ ಒಂದು ಬಟನ್. ಐದು ಸಾವಿರದೊಳಗಿದ್ದರೆ ಹೊಳೆಗಿಳಿಯಬಹುದು, ಹತ್ತು ಸಾವಿರ ದಾಟಿದರೆ ಎಲ್ಲ ಬಿಟ್ಟು ಮೇಲೆ ಬರಬೇಕು ಎಂದು ದಂಡೆಯ ಊರುಗಳವರು ತಮ್ಮತಮ್ಮಲ್ಲೇ ಲೆಕ್ಕ ಹಾಕಿಕೊಂಡಿದ್ದರು. ಹತ್ತು ಸಾವಿರ ದಾಟಿದ್ದನ್ನು ನೋಡಿದವರು ಚಾಚಾಗೆ ಒಂದು ಮಿಸ್ಡ್ ಕಾಲ್ ಕೊಡುವುದೂ ರೂಢಿಯಾಯಿತು. ನೋಡಿದೆವು, ಮೇಲೆ ಬಂದೆವು ಎಂದು ಅದರ ಅರ್ಥ.

ಮೊದಲ ಸಲ ಮಾಡಿದ ಪುಟ ಒಂದೊಂದು ನಿಮಿಷಕ್ಕೆ ಪೂರ್ತಿ ಹೊಸದಾಗಿ ತೆರೆದುಕೊಳ್ಳುತ್ತಿತ್ತು. ಬದಲಾಗಬೇಕಾದದ್ದು ಒಂದೇ ಅಂಕಿ. ಆದರೆ ಅದರ ಸಲುವಾಗಿ ತಲೆಬರಹ, ಹೊಳೆಯ ಫೋಟೋ, ನನ್ನ ಅಂಗಡಿಯ ಹೆಸರು, ಊರುಗಳ ಪಟ್ಟಿ ಎಲ್ಲವೂ ಅಳಿಸಿಹೋಗಿ ಮತ್ತೆ ಬರಬೇಕು. ಹೊಳೆಯ ತಗ್ಗಿನಲ್ಲಿ ನೆಟ್‌ವರ್ಕ್ ಬಲು ಕಮ್ಮಿ. ಹೀಗಾಗಿ ಅರ್ಧ ಹೊತ್ತು ಪುಟ ಬೆಳ್ಳಗೆ ಇರುತ್ತಿತ್ತು. ಒಬ್ಬರಾದ ಮೇಲೊಬ್ಬರು ಫೋನು ಮಾಡಿ ಬಯ್ದರು. "ಏನ್ ಬೇ ತಂಗೀ, ನಿನ್ನ ಹಾಳಿ ಬರೇ ಬೆಳ್ಳಗ ಕಾಣತೈತಿ. ನೋಡಬೇಕಂದಾಗ ಇರಂಗಿಲ್ಲ, ಬ್ಯಾಡಂದಾಗ ಬರತೈತಿ!"

ಕಾಲೇಜಿನಲ್ಲಿ ಕಲಿತದ್ದು ಆಗ ನೆನಪಾಯಿತು. ಪುಟವನ್ನು ಇದ್ದಲ್ಲೇ ಇರಲು ಬಿಟ್ಟು, ಅದರೊಳಗಿನ ಒಂದು ತುಣುಕನ್ನು ಮಾತ್ರ ಬದಲಿಸಬಹುದು. ಖಾನಾವಳಿಯ ಹಲಗೆಯ ಮೇಲೆ ಪಲ್ಯದ ಹೆಸರೊಂದನ್ನೇ ಒರೆಸಿ ಬರೆಯುತ್ತಾರಲ್ಲ, ಹಲಗೆಯನ್ನೇ ಕಿತ್ತು ಹೊಸದು ಹಾಕುವುದಿಲ್ಲವಲ್ಲ, ಹಾಗೆ. ಪುಟ ಅರ್ಧ ನಿಮಿಷಕ್ಕೊಮ್ಮೆ ಒಳಗಿನಿಂದಲೇ ಸದ್ದಿಲ್ಲದೆ ಸರ್ವರನ್ನು ಕೇಳುತ್ತದೆ, ಈಗ ಎಷ್ಟು ನೀರು? ಉತ್ತರ ಬಂದರೆ ಆ ಅಂಕಿಯ ಜಾಗದಲ್ಲಿ ಮಾತ್ರ ಹೊಸ ಅಂಕಿ ಕೂಡುತ್ತದೆ. ಮೂರು ದಿನ ಕುಂತು ಬರೆದೆ. ಕೆಲಸ ಮಾಡಿದ್ದನ್ನು ಕಂಡು ಅಂಗಡಿಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಸಮಯವೂ ಇತ್ತು, ಇದು ಎಷ್ಟು ಗಂಟೆಯ ಅಂಕಿ ಎಂದು. ಕಾಕಾ ಫೋನನ್ನು ಕಣ್ಣಿಂದ ದೂರ ಹಿಡಿದು, ಸಮೀಪ ಹಿಡಿದು ನೋಡಿ, "ಇರಿವಿ ಸಾಲ ಹಚ್ಚಿದಂಗ ಬರದೀಯಲ್ಲ, ಯಾರಿಗೆ ಕಾಣಬೇಕಿದು? ಅಂಕಿ ಒಂದs ದೊಡ್ಡದಾಗಿ ಹಾಕು" ಎಂದ. ಸಮಯ ತೆಗೆದುಹಾಕಿದೆ. ಅಂಕಿಯನ್ನು ಫೋನಿನ ತುಂಬ ದೊಡ್ಡದು ಮಾಡಿದೆ. ಆಮೇಲೆ ಕಾಕಾನಿಗೂ, ದಂಡೆಯ ಎಲ್ಲರಿಗೂ ಒಂದೇ ಪಾಠ ಹೇಳಿಕೊಟ್ಟೆ. "ಒಮ್ಮೆ ತೆಗದ ಮ್ಯಾಲೆ ಮುಟ್ಟಬ್ಯಾಡ್ರಿ. ತಾನs ಬದಲಾಕ್ಕೈತಿ."

ಎರಡು ತಿಂಗಳು ಸುರಳೀತ ನಡೆಯಿತು. ದಂಡೆಗೆ ಕಾಕಾ ಪ್ರತಿ ವರ್ಷ ಗುರುತಿನ ಗೂಟ ನೆಡುತ್ತಿದ್ದ. ನೀರು ಯಾವ ಗೂಟಕ್ಕೆ ಮುಟ್ಟಿತು, ಬಣ್ಣ ಕೆಂಪಾಯಿತೋ ಇಲ್ಲವೋ, ಕಸಕಡ್ಡಿ ಹರಿದು ಬಂತೋ ಎಂದು ನೋಡಿ ಹೇಳುತ್ತಿದ್ದವನು ಆ ವರ್ಷ ಗೂಟ ನೆಡಲೇ ಇಲ್ಲ. "ನಮ್ಮ ಸುನಂದಾ ಮಾಡ್ಯಾಳ" ಎಂದು ಊರವರಿಗೆ ಫೋನು ತೋರಿಸುತ್ತ ತಿರುಗುತ್ತಿದ್ದ. ನನಗೂ ಅದು ರುಚಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನ ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೋನನ್ನು ಒಳಗೆ ಚಾರ್ಜಿಗೆ ಹಾಕಿ ಬಂದವಳು ಮರೆತೇಬಿಟ್ಟೆ. ಕಂಪ್ಯೂಟರಿನ ಒಂದು ಮೂಲೆಯಲ್ಲಿ ಹೊಳೆಯ ಪುಟ ತೆರೆದೇ ಇತ್ತು. ಮುಂಜಾನೆ ಎರಡು ಸಾವಿರ ಇದ್ದದ್ದು ಎಂಟು ಗಂಟೆಗೆ ಆರು ಸಾವಿರ ಆಯಿತು. ಆಮೇಲೆ ಹನ್ನೊಂದು, ಹದಿನೆಂಟು. ಘಟ್ಟದಲ್ಲಿ ಭಾರೀ ಮಳೆ ಎಂದು ಗೊತ್ತಾಯಿತು. ನಿಜ ಹೇಳಬೇಕೆಂದರೆ ನನಗೆ ಗಾಬರಿಯಾಗಲಿಲ್ಲ, ಹೆಮ್ಮೆಯಾಯಿತು. ಅರ್ಜಿ ತುಂಬಿಸಲು ಬಂದ ಮೇಷ್ಟ್ರೊಬ್ಬರಿಗೆ ತೋರಿಸಿ, "ನೋಡ್ರಿ ಸರ, ಹಾಳಿ ಅಳ್ಳಾಡೂದಿಲ್ಲ, ಅಂಕಿ ಅಷ್ಟs ಬದಲಾಗತೈತಿ. ಇಷ್ಟೊತ್ತಿಗೆ ಹೊಳಿ ದಂಡ್ಯಾಗ ಎಲ್ಲಾರೂ ಮೋಟಾರ ಎತ್ತಿರತಾರ" ಎಂದೆ.

ಒಂದೂವರೆಗೆ ಮೂಲೆಯ ಅಂಕಿ ಇದ್ದಕ್ಕಿದ್ದಂತೆ ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಯಿತು. ಚೌಕದಿಂದ ಹೊರಗೆ ಚಾಚಿ ಪುಟದ ಅಂದವನ್ನೇ ಕೆಡಿಸಿಬಿಟ್ಟಿತು. ನನಗೆ ಸಿಟ್ಟು ನೆತ್ತಿಗೇರಿತು. ಈ ಚಾಚಾ ಏನು ಒತ್ತಿದರಪ್ಪಾ, ಮೊಮ್ಮಕ್ಕಳ ಕೈಗೆ ಫೋನು ಕೊಟ್ಟರೋ ಏನೋ ಎಂದು ಗೊಣಗುತ್ತ ಒಳಗೆ ಹೋಗಿ ಫೋನು ತೆಗೆದರೆ, ಅವರವೇ ಹದಿನಾಲ್ಕು ಕರೆಗಳು. ತಿರುಗಿ ಮಾಡಿದೆ.

"ಚಾಚಾ, ಏನ್ ಹಾಕೀರಿ ಅದನ್ನ? ಹಾಳಿ ಎಲ್ಲಾ ಕೆಟ್ಟು..."

"ಕೆಡ್ಲಿ ಬಿಡವಾ! ಹಂಗರೆ ನೋಡ್ತೀ ಅಂತ ಸುಳ್ಳ ಅಂಕಿ ಹಾಕೇನಿ. ನಾ ನೌಕರಿಯಾಗೂ ಹಂತಾದ್ದ ಮಾಡಿದಾಂವಲ್ಲ" ಎಂದರು. ಏದುಸಿರು ಕೇಳುತ್ತಿತ್ತು. "ಎಲ್ಲಾ ಊರಿಂದ ಮಿಸ್ಡ್ ಕಾಲ್ ಬಂದಾವು. ನಿಮ್ಮ ಕಾಕಾಂದು ಬಂದಿಲ್ಲ. ಹನ್ನೊಂದರಿಂದ ಮಾಡಾಕ ಹತ್ತೇನಿ, ಫೋನ್ ಹತ್ತವಲ್ದು. ಅವರೂರಿಗೆ ಮುಂಜಾನಿ ಏಳರಿಂದ ಕರೆಂಟ್ ಇಲ್ಲಂತ, ಟವರ್ ಬಂದ್ ಆಗೇತಂತ. ನಿನಗ ಮಾಡಿದ್ರ ನೀ ಎತ್ತವಲ್ಲಿ. ಈಗ ಮೂವತ್ತ ಸಾವಿರ ಬಿಟ್ಟಾರವಾ, ಮೂವತ್ತ!"

ಟವರ್ ಬಂದ್ ಎಂಬ ಮಾತು ಕೇಳಿದ ಕೂಡಲೇ ನಾನು ಬರೆದ ಸಾಲುಗಳು ಕಣ್ಣ ಮುಂದೆ ಬಂದವು. ಸರ್ವರಿನಿಂದ ಉತ್ತರ ಬಂದರೆ ಏನು ಮಾಡಬೇಕೆಂದು ನಾನು ಬರೆದಿದ್ದೆ. ಉತ್ತರವೇ ಬರದಿದ್ದರೆ ಏನು ಮಾಡಬೇಕೆಂದು ಒಂದು ಸಾಲನ್ನೂ ಬರೆದಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಉತ್ತರ ಬರದಿದ್ದರೆ ಪುಟ ಸುಮ್ಮನೆ ಹಿಂದಿನ ಅಂಕಿಯನ್ನೇ ತೋರಿಸುತ್ತ ಕುಂತಿರುತ್ತದೆ. ಅಂದರೆ ಕಾಕಾನ ಫೋನಿನಲ್ಲಿ ಈಗಲೂ ಮುಂಜಾನೆಯ ಎರಡು ಸಾವಿರವೇ ಇದೆ. ದೊಡ್ಡದಾಗಿ, ಫೋನಿನ ತುಂಬ ಇದೆ. ಹಳೆಯ ಬೆಳ್ಳಗಾಗುವ ಪುಟವೇ ಇದ್ದಿದ್ದರೆ ಏನೋ ಕೆಟ್ಟಿದೆ ಎಂದಾದರೂ ತಿಳಿಯುತ್ತಿತ್ತು.

ಅಂಗಡಿ ತೆರೆದೇ ಬಿಟ್ಟು ಸ್ಕೂಟಿ ಹತ್ತಿದೆ. ಮೇಷ್ಟ್ರು ಹಿಂದಿನಿಂದ ಏನೋ ಕೂಗಿದರು, ಕೇಳಿಸಲಿಲ್ಲ. ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಅರಳಿ ನಿಂತಿತ್ತು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಇಂಥ ಒಳ್ಳೆಯ ದಿನದಲ್ಲಿ ಯಾರು ಮುಳುಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು ಗಂಟೆಗೆ ಬಿಟ್ಟ ನೀರು ಮೂರರ ಸುಮಾರಿಗೆ ಬರಬೇಕು. ನಾಲ್ಕು ಸಲ ಎಣಿಸಿದೆ, ನಾಲ್ಕು ಸಲವೂ ಮೂರೇ ಬಂತು. ಆಗ ಎರಡು ಗಂಟೆ.

ಮನೆಯ ಮುಂದೆ ಚಿಗವ್ವ, ಕಾಕಾನ ಹೆಂಡತಿ, ಶೇಂಗಾ ಒಣಹಾಕುತ್ತಿದ್ದಳು. "ಕಾಕಾ ಎಲ್ಲಿ?" ಎಂದು ಸ್ಕೂಟಿಯ ಮೇಲಿಂದಲೇ ಕೇಳಿದೆ.

"ಹೊಳಿಗೆ ಹೋಗ್ಯಾನ. ಜ್ವಾಳ ಒಣಗಾಕ ಹತ್ಯಾವ, ಮೋಟಾರ ಕುಂಡ್ರಸತೇನಿ ಅಂತ ಈರಪ್ಪನ್ನ ಕರಕೊಂಡ ಹ್ವಾದ. ಆಮ್ಯಾಲೆ ಪಂಚಾಯ್ತಿ ಮೈಕ್ ಬಂದಿತ್ತು, ನೀರ ಬಿಟ್ಟಾರ ಅಂತ. ಆದ್ರ ಅಂವಾ ಫೋನ್ ನೋಡ್ಕೋತs ಇರ್ತಾನಲ್ಲ, ಅಂವಗ ಗೊತ್ತ ಇರತೈತಿ ಅಂತ ನಾ ಸುಮ್ಮನಾದ್ನಿ. ಯಾಕ, ಏನಾತ?"

ಸ್ಕೂಟಿಯನ್ನು ಹೊಲದ ಬದುವಿಗೆ ಬಿಟ್ಟು ಓಡಿದೆ. ಗೋವಿನಜೋಳದ ಗರಿ ಮುಖ ಗೀರಿತು, ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು. ದಂಡೆಗೆ ಬಂದು ನಿಂತರೆ ಜಾಲಿಗಿಡದ ಹತ್ತಿರ ಪಕ್ಕದ ಹೊಲದ ಈರಪ್ಪ ಮೋಟಾರಿಗೆ ಕಟ್ಟಿದ ಹಗ್ಗ ಹಿಡಿದು ಕುಂತಿದ್ದ. ಕೆಳಗೆ, ಹೊಳೆಯ ನಡುವೆ, ಕಲ್ಲು ಪೇರಿಸಿ ಮಾಡಿದ ಕಟ್ಟೆಯ ಮೇಲೆ ಕಾಕಾ. ಅಲ್ಲಿಗೆ ಹೋಗಬೇಕಾದರೆ ಸೊಂಟದ ಮಟ್ಟದ ನೀರು ದಾಟಬೇಕು. ಕಾಕಾ ಬಗ್ಗಿಕೊಂಡು ಮೋಟಾರಿನ ಬೋಲ್ಟು ಬಿಗಿಯುತ್ತಿದ್ದ. ಫೋನು ಅಂಗಿಯ ಕಿಸೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ.

"ಕಾಕಾ, ಮ್ಯಾಲೆ ಬಾ! ನೀರ ಬಿಟ್ಟಾರ! ಮೂವತ್ತ ಸಾವಿರ!"

ಕಾಕಾ ತಲೆಯೆತ್ತಿ ನಕ್ಕ. ನಿಧಾನಕ್ಕೆ ಕೈ ಒರೆಸಿಕೊಂಡ, ಫೋನು ತೆಗೆದ, ನೋಡಿದ, ನನ್ನ ಕಡೆಗೆ ಎತ್ತಿ ಹಿಡಿದ. "ಯಾರ್ ಹೇಳ್ಯಾರ ನಿನಗ? ಎರಡ ಸಾವಿರ ಐತಿ ನೋಡಿಲ್ಲೆ!"

"ಅದು ಮುಂಜಾನಿದು! ಸುಳ್ಳ ಐತಿ ಅದು!"

"ಈಗ ನೋಡಿದ್ನೆಲ್ಲ! ಈರಪ್ಪಾ, ಈಕಿಗೆ ಯಾರೋ ಅಂಜಿಸಿ ಕಳಿಸ್ಯಾರ" ಎಂದು ಮತ್ತೆ ಬಗ್ಗಿದ. ಈರಪ್ಪನೂ ಹಲ್ಲು ಕಿರಿದು, "ಹೌದ ತಂಗೀ, ನಾನೂ ಈಗ ನೋಡೇನಿ. ಎರಡs ಐತಿ" ಎಂದ.

ಇಬ್ಬರಿಗೂ ಎರಡೇಟು ಬಾರಿಸಬೇಕು ಎನಿಸಿತು ನನಗೆ. ಕಟ್ಟೆಯ ಪಕ್ಕದಲ್ಲಿ ನೀರು ಆಗಲೇ ಕೆಂಪಾಗುತ್ತಿತ್ತು. ಒಂದು ಹಸಿರು ಟೊಂಗೆ ತೇಲಿ ಬಂತು, ಅದರ ಹಿಂದೆ ನೊರೆ. ಒಂದು ಕಾಲಕ್ಕೆ ಇದನ್ನು ದೂರದಿಂದಲೇ ನೋಡಿ ಊರಿಗೆಲ್ಲ ಹೇಳುತ್ತಿದ್ದ ಮನುಷ್ಯ, ಈಗ ಅದಕ್ಕೆ ಬೆನ್ನು ಮಾಡಿ ಬೋಲ್ಟು ತಿರುವುತ್ತಿದ್ದ. ನನಗೆ ಈಜು ಬರುವುದಿಲ್ಲ. ಆದರೂ ಮೊಣಕಾಲಿನ ಮಟ್ಟ ಇಳಿದೆ. ಸೆಳೆತಕ್ಕೆ ಕಾಲು ನಿಲ್ಲಲಿಲ್ಲ, ಜಾಲಿಯ ಬೇರು ಹಿಡಿದು ನಿಂತೆ. ಪುಟವನ್ನು ಹೊಸದಾಗಿ ತೆರೆಸಿದರೆ ಆ ಹಳೆಯ ಅಂಕಿ ನಿಲ್ಲುವುದಿಲ್ಲ ಎಂದು ಆಗ ಹೊಳೆಯಿತು.

"ಕಾಕಾ! ಆ ಹಾಳೀನ ಬೆರಳಿಂದ ಕೆಳಗ ಜಗ್ಗು! ಒಮ್ಮೆ ಜಗ್ಗು!"

"ಮುಟ್ಟಬ್ಯಾಡಂತ ನೀನs ಹೇಳೀದಿ!"

"ನಾನs ಹೇಳಾಕ ಹತ್ತೇನಿ, ಜಗ್ಗು! ನನ್ನ ಆಣಿ ಐತಿ ನಿನಗ!"

ಆಣೆ ಎಂದ ಮೇಲೆ ಕಾಕಾನ ಮುಖ ಬದಲಾಯಿತು. ಪ್ಲಾಸ್ಟಿಕ್ ಚೀಲದ ಮೇಲಿಂದಲೇ ಒದ್ದೆ ಬೆರಳಿಟ್ಟು ಜಗ್ಗಿದ. ಮೊದಲ ಸಲ ಆಗಲಿಲ್ಲ. ಚೀಲ ತೆಗೆದು ಎರಡನೆಯ ಸಲ ಜಗ್ಗಿದ. ಫೋನನ್ನೇ ನೋಡುತ್ತ ನಿಂತ. ನನಗೆ ಅವನ ಫೋನು ಕಾಣುತ್ತಿರಲಿಲ್ಲ, ಮುಖ ಮಾತ್ರ ಕಾಣುತ್ತಿತ್ತು.

"ಅಂಕಿ ಹೋತಲ್ಲ ಬೇ" ಎಂದ. ದನಿ ಸಣ್ಣದಾಗಿತ್ತು. "ಇಂಟರ್ನೆಟ್ ಇಲ್ಲ ಅಂತೈತಿ."

ಆಗ ತಿರುಗಿ ಹೊಳೆ ನೋಡಿದ. ಒಂದೇ ಒಂದು ಸಲ ನೋಡಿದ್ದು, ಅಷ್ಟೇ. "ಈರಪ್ಪಾ, ಮೋಟಾರಿಂದ ಹಗ್ಗ ಬಿಚ್ಚಿ ನಾ ನಡಕ್ಕ ಕಟಗೋತೇನಿ, ಜಗ್ಗು!" ಎಂದು ಒದರಿ, ಸೊಂಟಕ್ಕೆ ಬಿಗಿದುಕೊಂಡು ನೀರಿಗಿಳಿದ. ಸೊಂಟದ ಮಟ್ಟ ಇದ್ದ ನೀರು ಎದೆಗೆ ಬಂದಿತ್ತು. ನಡುವೆ ಒಮ್ಮೆ ಕಾಲು ತಪ್ಪಿ ತಲೆ ಕಾಣದಾಯಿತು. ನಾನೂ ಈರಪ್ಪನೂ ಹಗ್ಗ ಜಗ್ಗಿದೆವು. ನನ್ನ ಅಂಗೈ ಸುಲಿದು ರಕ್ತ ಬಂದದ್ದು ಗೊತ್ತಾದದ್ದು ಆಮೇಲೆ. ಕೆಮ್ಮುತ್ತ, ಉಗುಳುತ್ತ ಕಾಕಾ ದಂಡೆಗೆ ಬಿದ್ದಾಗ ಅವನ ಅಂಗಿ ಹಿಡಿದುಕೊಂಡವಳು ಎಷ್ಟೋ ಹೊತ್ತು ಬಿಡಲೇ ಇಲ್ಲ.

ಸ್ವಲ್ಪ ಹೊತ್ತಿನಲ್ಲಿ ಕಟ್ಟೆ ಮುಳುಗಿತು. ಮೋಟಾರು ಯಾವಾಗ ಹೋಯಿತೋ ನೋಡಲಿಲ್ಲ. ನಾಲ್ಕರ ಹೊತ್ತಿಗೆ ನಾವು ಹಗ್ಗ ಹಿಡಿದು ನಿಂತ ಜಾಲಿಗಿಡದ ಬುಡಕ್ಕೇ ನೀರು ಬಂದಿತ್ತು.

ಮರುದಿನ ಅಂಗಡಿಯ ಬಾಗಿಲು ಹಾಕಿಕೊಂಡು ಪುಟವನ್ನು ಮತ್ತೆ ಬರೆದೆ. ಎರಡು ನಿಮಿಷ ಉತ್ತರ ಬರದಿದ್ದರೆ ಅಂಕಿ ಅಳಿಸಿಹೋಗಬೇಕು. ಆ ಜಾಗದಲ್ಲಿ ಅಷ್ಟೇ ದೊಡ್ಡದಾಗಿ, ಕೆಂಪಾಗಿ "ಗೊತ್ತಿಲ್ಲ, ಮೇಲೆ ಬರ್ರಿ" ಎಂದು ಕಾಣಬೇಕು. ಸಮಯವನ್ನೂ ಹಾಕಿದೆ, ಅಂಕಿಯಷ್ಟೇ ದೊಡ್ಡದಾಗಿ. ಎಲ್ಲ ಸೇರಿ ಹತ್ತು ಸಾಲು ಇರಬಹುದು. ಆ ಹತ್ತು ಸಾಲು ಮೊದಲೇ ಬರೆಯಲು ನನಗೇನು ದಾಡಿಯಾಗಿತ್ತು ಎಂದು ಬರೆಯುತ್ತಲೇ ನನ್ನನ್ನು ನಾನು ಬಯ್ದುಕೊಂಡೆ. ಕಾಕಾನ ಫೋನು ಹೊಳೆಯ ನೀರು ಕುಡಿದು ಕೆಟ್ಟಿತ್ತು, ಸಂಜೆ ಊರಿಗೆ ಹೋಗಿ ನನ್ನ ಫೋನಿನ ಇಂಟರ್ನೆಟ್ ಬಂದ್ ಮಾಡಿ ತೋರಿಸಿದೆ. ಎರಡು ನಿಮಿಷ ಇಬ್ಬರೂ ಕುಂತು ನೋಡಿದೆವು. ಅಂಕಿ ಹೋಗಿ ಕೆಂಪು ಅಕ್ಷರ ಬಂತು. ಕಾಕಾ ತಲೆಯಾಡಿಸಿದ.

ಚಿಗವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಅವನು ಬಯ್ಯಲಿ ಎಂದು ನಾನು ಕಾಯುತ್ತಿದ್ದೆ. ಬಯ್ಯಲಿಲ್ಲ. ನನಗೇ ತಡೆಯಲಾಗಲಿಲ್ಲ. "ಅಷ್ಟ ಒದರೀದ್ನೆಲ್ಲ ಕಾಕಾ, ಗಂಟಲ ಹರದ ಹೋಗೂಹಂಗ. ಯಾಕ ಬರಲಿಲ್ಲ ನೀ?" ಎಂದೆ.

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಏನ್ ಮಾಡ್ಲೆವಾ" ಎಂದ. "ದಂಡಿ ಮ್ಯಾಲೂ ನೀನs ಇದ್ದಿ, ಫೋನಿನ್ಯಾಗೂ ನೀನs ಇದ್ದಿ. ದಂಡಿ ಮ್ಯಾಲಿನಾಕಿ ಅಳಾಕ ಹತ್ತಿದ್ಲು, ಫೋನಿನ್ಯಾಗಿನಾಕಿ ಸಮಾಧಾನದಾಗ ಇದ್ಲು. ಯಾವಾಕಿನ್ನ ನಂಬಬೇಕಿತ್ತು ನಾ?"

ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿ, ಎದ್ದು ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.